ಗಾಡಿ ಹಳೇದಾಯ್ತು, ಬಿಲ್ಲು ಹಳೇದಾಗ್ಲಿಲ್ಲ

ಹೊಸದಾಗಿದ್ದಾಗ ಅರವತ್ತು ಲಕ್ಷದ ಆಸುಪಾಸಿನ ಎಸ್‌ಯುವಿ, ಹತ್ತು ವರ್ಷ ಕಳೆದ ಮೇಲೆ ಹನ್ನೊಂದು ಲಕ್ಷಕ್ಕೆ ಸಿಗುತ್ತೆ. ಅಷ್ಟೇ ದುಡ್ಡಿಗೆ ಶೋರೂಮಲ್ಲಿ ಸಿಗೋದು ಒಂದು ಸಣ್ಣ ಹೊಸ ಕಾರು. ಹಾಗಾಗಿ ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ, ರಸ್ತೆಗೆ ಜಮೀನು ಹೋಗಿ ಪರಿಹಾರ ಕೈಸೇರಿದ ವರ್ಷ ಇಂಥ ಗಾಡಿಗಳು ನಮ್ಮ ಕಡೆಯ ಊರುಗಳಿಗೆ ಬರ್ತವೆ. ಶಿರಸಿ ಸೀಮೆಯ ನಮ್ಮ ಮನೆಗೂ ಒಂದು ಬಂತು. 2012ರ ಮಾಡೆಲ್, ಡೀಸೆಲ್, ಆಟೋಮ್ಯಾಟಿಕ್, ಏರ್ ಸಸ್ಪೆನ್ಶನ್. ದೊಡ್ಡಪ್ಪ 2022ರಲ್ಲಿ ತಂದಿದ್ದು. ಕಂಪನಿ ಹೆಸರು ಇಲ್ಲಿ ಬೇಡ. ಈ ವರ್ಗದ ಹಳೇ ಗಾಡಿಗಳ ಕಥೆ ಹೆಚ್ಚುಕಮ್ಮಿ ಒಂದೇ.

ಗಾಡಿ ಓಡುವಾಗ ಅದರಷ್ಟು ಸುಖ ಬೇರೆ ಇಲ್ಲ, ಇದನ್ನು ಮೊದಲೇ ಹೇಳಿಬಿಡ್ತೇವೆ. ಸೊಂಟನೋವಿನ ಅಜ್ಜಿಯನ್ನು ದೇವಿಮನೆ ಘಾಟಿ ಇಳಿಸಿ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಅವರು ದಾರಿಯುದ್ದಕ್ಕೂ ನಿದ್ದೆ ಮಾಡಿದ್ರು. ಜೀಪಲ್ಲಿ ಹೋಗಿದ್ದರೆ ಅರ್ಧ ದಾರಿಗೇ ಕಣ್ಣೀರು ಹಾಕ್ತಿದ್ರು.

ಆದ್ರೆ ಗಾಡಿ ಬೆಲೆ ಇಳಿದ ಹಾಗೆ ಬಿಡಿಭಾಗದ ಬೆಲೆ ಇಳಿಯಲ್ಲ. ಅರವತ್ತು ಲಕ್ಷದ ಗಾಡಿಗೆ ಏನು ರೇಟೋ, ಅದು ಹನ್ನೊಂದು ಲಕ್ಷದ್ದಾದ ಮೇಲೂ ಅದೇ ರೇಟು. ಎಷ್ಟೋ ಭಾಗ ಹೊರದೇಶದಿಂದ ಬರಬೇಕು, ಹಾಗಾಗಿ ವರ್ಷದಿಂದ ವರ್ಷಕ್ಕೆ ಏರೋದೇ ಹೆಚ್ಚು.

ಏರ್ ಸಸ್ಪೆನ್ಶನ್ ಕಥೆ ಕೇಳಿ. ಸಾಧಾರಣ ಗಾಡಿಯಲ್ಲಿ ಕಬ್ಬಿಣದ ಸ್ಪ್ರಿಂಗ್ ಇರೋ ಜಾಗದಲ್ಲಿ ಇದರಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತೆ. ಗಾಳಿ ತುಂಬೋಕೆ ಒಂದು ಕಂಪ್ರೆಸರ್. ರಬ್ಬರ್‌ಗೆ ವಯಸ್ಸಾದ ಹಾಗೆ ಮಡಿಕೆಯಲ್ಲಿ ಸಣ್ಣ ಬಿರುಕು ಬಿಡುತ್ತೆ. ಒಂದು ದಿನ ಬೆಳಿಗ್ಗೆ ಎದ್ದು ನೋಡಿದ್ರೆ ಗಾಡಿಯ ಎಡಗಡೆ ಮುಂದಿನ ಮೂಲೆ ನೆಲಕ್ಕೆ ಕೂತಿತ್ತು, ಎಮ್ಮೆ ಮುಂಗಾಲು ಮಡಚಿದ ಹಾಗೆ. ಸ್ಟಾರ್ಟ್ ಮಾಡಿದ್ಮೇಲೆ ಎದ್ದು ನಿಂತಿತು. ಎದ್ದಿತಲ್ಲ ಅಂತ ಸುಮ್ಮನಿದ್ದರೆ ಇನ್ನೊಂದು ಖರ್ಚು ಕಾದಿರುತ್ತೆ. ಕಂಪ್ರೆಸರ್ ಇರೋದು ಸ್ವಲ್ಪ ಹೊತ್ತು ಓಡಿ ನಿಲ್ಲೋಕೆ. ಗಾಳಿ ಸೋರ್ತಾ ಇದ್ದರೆ ಅದು ಪದೇ ಪದೇ ಓಡಿ, ಕಾದು, ಕೊನೆಗೆ ಸುಟ್ಟುಹೋಗುತ್ತೆ. ಸೋರಿಕೆ ಹಿಡಿಯೋದು ಕಷ್ಟವಲ್ಲ, ಸೈಕಲ್ ಪಂಚರ್ ನೋಡೋ ಹಾಗೆ ಸೋಪಿನ ನೀರು ಹಾಕಿದ್ರೆ ಗುಳ್ಳೆ ಬರುತ್ತೆ. ಕಷ್ಟ ಇರೋದು ಬಿಲ್ಲಲ್ಲಿ. ಮುಂದಿನ ಎರಡು ಏರ್ ಸ್ಟ್ರಟ್‌ಗೆ 1 ಲಕ್ಷ 70 ಸಾವಿರ, ಕಂಪ್ರೆಸರ್‌ಗೆ 68 ಸಾವಿರ.

ಆಮೇಲೆ ಇಲಿ. ಅಡಿಕೆ ಅಟ್ಟದ ಪಕ್ಕ ಗಾಡಿ ನಿಲ್ಲಿಸ್ತೀವಿ, ರಾತ್ರಿ ಇಂಜಿನ್ ಬೆಚ್ಚಗಿರುತ್ತೆ, ಇಲಿಗೆ ಅದಕ್ಕಿಂತ ಒಳ್ಳೆ ಮನೆ ಯಾವುದು? ಟ್ರ್ಯಾಕ್ಟರ್ ವೈರು ಕಡಿದರೆ ಟೇಪ್ ಸುತ್ತಿ ಮುಂದೆ ಹೋಗಬಹುದು. ಇಲ್ಲಿ ಒಂದು ಸೆನ್ಸರ್‌ನ ವೈರು ತುಂಡಾಗಿದ್ದಕ್ಕೆ ಗಾಡಿ ತಾನೇ ಜಾಗ್ರತೆ ಮಾಡಿಕೊಂಡು ಒಂದೇ ಗೇರಿಗೆ ಬಂದು ನಿಂತಿತು. ಸ್ಕ್ಯಾನರ್ ಹಾಕದೆ ಯಾರೂ ಮುಟ್ಟೋ ಹಾಗಿಲ್ಲ. ಆ ಸ್ಕ್ಯಾನರ್ ಇದ್ದ ಗ್ಯಾರೇಜು ನಮಗೆ ಸಿಕ್ಕಿದ್ದು ಬೆಂಗಳೂರಲ್ಲಿ. ಎರಡು ಸಲ ಗಾಡಿ ಲಾರಿ ಮೇಲೆ ಮಲಗಿ ನಾನೂರು ಕಿಲೋಮೀಟರ್ ಹೋಗಿದೆ. ಒಟ್ಟು 46 ಸಾವಿರ ಬಾಡಿಗೆ.

ಇನ್ನೊಂದು, ಡೀಸೆಲ್ ಹೊಗೆಯ ಮಸಿ ಹಿಡಿಯೋ ಫಿಲ್ಟರ್. ಅದರಲ್ಲಿ ತುಂಬಿದ ಮಸಿ ತಾನಾಗಿ ಉರಿದುಹೋಗಬೇಕಾದ್ರೆ ಹೊಗೆ ಚೆನ್ನಾಗಿ ಬಿಸಿಯಾಗಬೇಕು, ಅಂದ್ರೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ನಮ್ಮ ಓಡಾಟ ಹಾಲಿನ ಡೈರಿ, ಸೊಸೈಟಿ, ಶಾಲೆ, ಎಲ್ಲಾ ನಾಲ್ಕೈದು ಕಿಲೋಮೀಟರ್ ಒಳಗೆ. ಇಂಜಿನ್ ಬಿಸಿಯಾಗೋದ್ರೊಳಗೆ ಮನೆ ಬಂದಿರುತ್ತೆ. ಹಾಗಾಗಿ ಭಾನುವಾರ ಹುಬ್ಬಳ್ಳಿ ರಸ್ತೆಯಲ್ಲಿ ಸುಮ್ಮನೆ ಒಂದು ಸುತ್ತು. ಮಸಿ ಸುಡೋಕೆ ಡೀಸೆಲ್ ಸುಡೋದು. ಡೀಸೆಲ್ಲೂ ಪಂಪಿಂದಲೇ ಆಗಬೇಕು. ಕ್ಯಾನಲ್ಲಿ ತಂದಿಟ್ಟ ಡೀಸೆಲ್‌ನಲ್ಲಿ ನೀರಿನ ಅಂಶ ಸೇರಿದ್ರೆ ಇಂಜೆಕ್ಟರ್ ಕೆಡ್ತವೆ, ನಮ್ಮಲ್ಲಿ ಅದಕ್ಕೇ 1 ಲಕ್ಷ 35 ಸಾವಿರ ಹೋಗಿದೆ.

ವಿಮೆಯಲ್ಲಿ ಒಂದೇ ಒಂದು ಕಡೆ ಸಮಾನತೆ ಇದೆ. 1500 ಸಿಸಿ ಮೇಲಿನ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಕಂತು 2022ರ ಜೂನ್‌ನಿಂದ 7,897 ರೂಪಾಯಿ ಅಂತ ನಿಗದಿಯಾಯ್ತು, ಜಿಎಸ್‌ಟಿ ಬೇರೆ. ಗಾಡಿ ಐಷಾರಾಮಿಯೋ ಅಲ್ಲವೋ ಅಂತ ಅದು ಕೇಳಲ್ಲ. ಆದ್ರೆ ಫುಲ್ ಇನ್ಶೂರೆನ್ಸ್ ಇದ್ದರೂ ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗ ಬದಲಿಸಿದರೆ ಸಾಮಾನ್ಯವಾಗಿ ಅರ್ಧ ಬೆಲೆ ಕಳೀತಾರೆ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ ವಯಸ್ಸು ಎಷ್ಟಿದ್ದರೂ ಅರ್ಧವೇ. ಸವೆದು ಹಾಳಾಗಿದ್ದಕ್ಕಂತೂ ವಿಮೆಯೇ ಇಲ್ಲ. ಬರುವ ವರ್ಷ, 2027ಕ್ಕೆ, ಗಾಡಿಗೆ ಹದಿನೈದು ತುಂಬುತ್ತೆ. ಆರ್‌ಸಿ ನವೀಕರಣಕ್ಕೆ ಫಿಟ್‌ನೆಸ್ ಪರೀಕ್ಷೆ ಆಗಬೇಕು. ಮೊದಲು 600 ಇದ್ದ ಆ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ.

ದೆಹಲಿ ಕಡೆಯ ಗಾಡಿ ಇನ್ನೂ ಅಗ್ಗಕ್ಕೆ ಸಿಗುತ್ತೆ ಅಂತ ಕೆಲವರು ಹೇಳ್ತಾರೆ. ಸಿಗೋಕೆ ಕಾರಣ ಇದೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಅಲ್ಲಿಂದ ತಂದರೆ ಎನ್‌ಒಸಿ ಬೇಕು, ಇಲ್ಲಿ ಮತ್ತೆ ನೋಂದಣಿ ಆಗಬೇಕು, ರಸ್ತೆ ತೆರಿಗೆ ಕಟ್ಟಬೇಕು. ಅಗ್ಗ ಅನ್ನೋದು ಅಲ್ಲಿಗೇ ಅರ್ಧ ಕರಗುತ್ತೆ.

ಇಷ್ಟೆಲ್ಲಾ ಲೆಕ್ಕ ನಮಗೆ ಬಾಯಿಪಾಠ ಆಗೋಕೆ ದೊಡ್ಡಮ್ಮ ಕಾರಣ. ಅಡಿಕೆ ವ್ಯಾಪಾರ, ಕೂಲಿ, ಗೊಬ್ಬರದ ಲೆಕ್ಕ ಬರೆಯೋ ಪುಸ್ತಕದ ಹಿಂದಿನ ಪುಟಗಳಲ್ಲಿ ಅವರು ಗಾಡಿ ಲೆಕ್ಕ ಬರೀತಾರೆ. ನಾಲ್ಕು ವರ್ಷಕ್ಕೆ ವಿಮೆ, ಟೈರು, ಬ್ರೇಕು ಎಲ್ಲಾ ಸೇರಿ 7 ಲಕ್ಷ 40 ಸಾವಿರ, ಡೀಸೆಲ್ ಬಿಟ್ಟು. ಈಗ ಎರಡರಿಂದ ಮೂರನೇ ಗೇರಿಗೆ ಬೀಳುವಾಗ ಗಾಡಿ ಎಳೀತಾ ಇದೆ. ಗೇರ್‌ಬಾಕ್ಸ್ ಆಯಿಲ್ ಬದಲಿಸೋದೇ ಬೇಡ ಅಂತ ಹಿಂದಿನ ಮಾಲೀಕರು ನಂಬಿದ್ದರಂತೆ. ಇಂಥ ಗೇರ್‌ಬಾಕ್ಸ್ ತಯಾರಿಸೋ ಜರ್ಮನಿಯ ಝಡ್‌ಎಫ್ ಕಂಪನಿಯೇ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿಲೋಮೀಟರ್ ಒಳಗೆ ಬದಲಿಸಿ ಅನ್ನುತ್ತೆ. ರಿಪೇರಿ ಅಂದಾಜು ಮೂರು ಲಕ್ಷ. ತೋಟದಲ್ಲಿ ಎಲೆಚುಕ್ಕೆ ಕಾಣಿಸಿದೆ, ಮಳೆ ಹಿಡಿಯೋದ್ರೊಳಗೆ ಬೋರ್ಡೋ ಹೊಡೆಸಬೇಕು, ಮರ ಹತ್ತೋರ ಕೂಲಿ ಮೊದಲಿನ ಹಾಗಿಲ್ಲ. ಮೂರು ಲಕ್ಷ ಗಾಡಿಗೋ ತೋಟಕ್ಕೋ ಅಂತ ಮನೆಯಲ್ಲಿ ಯಾರೂ ಜೋರಾಗಿ ಕೇಳಿಲ್ಲ, ಅಷ್ಟೇ.

ಮಾರೋಣ ಅಂದಾಗ ಒಬ್ಬ ದಲ್ಲಾಳಿ ಬಂದ. ಸ್ಕ್ಯಾನರ್ ಹಾಕಿ ಎಚ್ಚರಿಕೆ ಲೈಟ್ ಅಳಿಸಿಬಿಡೋಣ, ಐವತ್ತು ಕಿಲೋಮೀಟರ್ ತನಕ ಮತ್ತೆ ಬರಲ್ಲ, ಐದು ಲಕ್ಷಕ್ಕೆ ನಾನು ಕೊಡಿಸ್ತೇನೆ ಅಂದ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದದ್ದು ನಿಜ. ಐದು ಲಕ್ಷಕ್ಕೆ ತೋಟದ ಎರಡು ವರ್ಷ ಸಲೀಸಾಗಿ ಸಾಗುತ್ತೆ. ದೊಡ್ಡಮ್ಮ ಒಳಗಿಂದಲೇ, "ಲೈಟ್ ಹೋದ್ರೆ ಗೇರ್ ಸರಿ ಹೋಗ್ತದಾ?" ಅಂತ ಕೇಳಿದ್ರು. ದಲ್ಲಾಳಿ ಚಹಾ ಕುಡಿದು ಎದ್ದ.

ನೀವು ಇಂಥ ಗಾಡಿ ನೋಡೋಕೆ ಹೋದ್ರೆ ಸಂಜೆ ಹೋಗಬೇಡಿ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ, ಸ್ಟಾರ್ಟ್ ಮಾಡೋ ಮೊದಲು ನೋಡಿ. ನಾಲ್ಕು ಮೂಲೆ ಸಮ ನಿಂತಿದೆಯಾ ಅಂತ ಆಗಲೇ ಗೊತ್ತಾಗೋದು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಗಾಡಿಯನ್ನು ಕಡಿಮೆಯೆಂದರೆ ಒಂದು ಗಂಟೆ ಓಡಿಸಿ, ಆಮೇಲೆ ನಿಮ್ಮದೇ ಕಡೆಯ ಮೆಕ್ಯಾನಿಕ್‌ನಿಂದ ಸ್ಕ್ಯಾನ್ ಮಾಡಿಸಿ.

ಹೋದ ವಾರ ಬನವಾಸಿ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಗಾಡಿ ಸುತ್ತ ಎರಡು ಸುತ್ತು ಬಂದು, ಕೂತು, ಸೀಟು ಸವರಿದ. ದೊಡ್ಡಮ್ಮ ಲೆಕ್ಕದ ಪುಸ್ತಕ ತಂದು ಅವನ ಕೈಗೇ ಕೊಟ್ಟರು. ಜಗಲಿ ಮೇಲೆ ಕೂತು ಪುಟ ಪುಟವೂ ಓದಿದ, ಫೋನಲ್ಲಿ ಫೋಟೋ ತೆಗೆದುಕೊಂಡ, ಏನೂ ಹೇಳದೆ ಹೋದ. ಮೂರು ದಿನ ಬಿಟ್ಟು ಫೋನ್ ಬಂತು. ಗೇರ್‌ಬಾಕ್ಸ್ ಖರ್ಚು ಕಳೆದು ಎರಡೂವರೆ ಲಕ್ಷ ಕೊಡ್ತೀನಿ ಅಂದ. ದೊಡ್ಡಪ್ಪ ಇನ್ನೂ ಹೂಂ ಅಂದಿಲ್ಲ.