ಸರುಸಜಾಯಿಯಲ್ಲಿ ಕಂಡ ಎಸೆತ

ರಂಗಿಯಾ ದಾಟಿದ ರೈಲು ಸರಾಯ್‌ಘಾಟ್ ಸೇತುವೆ ಏರಿದ್ದೇ ತಡ, ಬೋಗಿಯವರೆಲ್ಲ ಕಿಟಕಿಗೆ ಮುಗಿಬಿದ್ದರು. ಕೆಳಗೆ ಬ್ರಹ್ಮಪುತ್ರ. ಚಳಿಗಾಲಕ್ಕೆ ನೀರು ಇಳಿದಿದ್ದರೂ ನದಿ ಮುಗಿಯುವುದಕ್ಕೆ ಹೊತ್ತು ಹಿಡಿಯಿತು.

2016ರ ಫೆಬ್ರುವರಿ. ಹನ್ನೆರಡನೇ ದಕ್ಷಿಣ ಏಷ್ಯಾ ಕ್ರೀಡಾಕೂಟ ಗುವಾಹಟಿ ಮತ್ತು ಶಿಲ್ಲಾಂಗ್‌ನಲ್ಲಿ ನಡೆದಿತ್ತು. ನನಗೆ ಬೇಕಿದ್ದದ್ದು ಅಥ್ಲೆಟಿಕ್ಸ್ ಮಾತ್ರ. ಕೂಟದ ಲಾಂಛನವಾದ ಖಡ್ಗಮೃಗದ ಮರಿ ‘ತಿಖೋರ್’ನ ಚಿತ್ರ ನೋಡುತ್ತಾ ಸರುಸಜಾಯಿ ತಲುಪಿದೆ. 2007ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಇಂದಿರಾ ಗಾಂಧಿ ಅಥ್ಲೆಟಿಕ್ ಕ್ರೀಡಾಂಗಣ ಇರುವುದು ಅಲ್ಲೇ.

ಮಹಿಳೆಯರ ನೂರು ಮೀಟರ್‌ನಲ್ಲಿ ಶ್ರೀಲಂಕಾದ ರುಮೇಶಿಕಾ ರತ್ನಾಯಕೆ ನಮ್ಮ ದ್ಯುತಿ ಚಂದ್ ಅವರನ್ನು ಹಿಂದೆ ಹಾಕಿದ್ದು ಆ ಕೂಟದ ದೊಡ್ಡ ಸುದ್ದಿ. ಆದರೆ ನನ್ನ ಮನಸ್ಸು ಹಿಡಿದದ್ದು ಜಾವೆಲಿನ್.

ಟಿ.ವಿ.ಯಲ್ಲಿ ಅದರ ಸದ್ದು ಕೇಳಿಸುವುದಿಲ್ಲ. ಸ್ಪೈಕ್ಸ್ ಸಿಂಥೆಟಿಕ್ ನೆಲವನ್ನು ಕಚ್ಚಿ ಬಿಡುವ ಚರಚರ, ಅಡ್ಡಹೆಜ್ಜೆಗಳು ಶುರುವಾದಾಗ ಬದಲಾಗುವ ಲಯ, ಕೊನೆಗೆ ಎಡಗಾಲು ನೆಲಕ್ಕೆ ಬಡಿಯುವ ಧಡ್ ಎನ್ನುವ ಸದ್ದು. ಪಕ್ಕದಲ್ಲಿದ್ದ ಅಸ್ಸಾಮಿ ಪಿ.ಟಿ. ಮೇಷ್ಟ್ರು ಹಿಂದಿಯಲ್ಲಿ ಹೇಳಿದರು: “ಕೈ ಬಿಡಿ ದಾದಾ, ಎಡಗಾಲು ನೋಡಿ.” ಆ ಕಾಲು ಬಾಗದೆ ನಿಂತರೆ ಓಟದ ವೇಗವೆಲ್ಲ ಸೊಂಟ, ಭುಜ ಹತ್ತಿ 800 ಗ್ರಾಂ ಭರ್ಜಿಗೆ ಸೇರುತ್ತದೆ. ಕಾಲು ಕುಸಿದರೆ ದೂರವೂ ಕುಸಿಯುತ್ತದೆ.

ಹರಿಯಾಣದ ಹದಿನೆಂಟರ ಹುಡುಗ ನೀರಜ್ ಚೋಪ್ರಾ ಅವರ ಎಡಗಾಲು ಗೂಟ ಹೊಡೆದಂತೆ ನಿಂತಿತು. ಭರ್ಜಿ ಬಾಲ ನಡುಗಿಸುತ್ತಾ ಮೇಲೇರಿತು, ಮೂಗು ತಗ್ಗಿಸಿ ನೆಲಕ್ಕೆ ನಾಟಿತು. 82.23 ಮೀಟರ್! ಆಗಿನ ರಾಷ್ಟ್ರೀಯ ದಾಖಲೆಗೆ ಸರಿಸಮ. ಮೇಷ್ಟ್ರು ಎದ್ದು ನಿಂತು ನನ್ನ ಹೆಗಲು ಹಿಡಿದು ಅಲುಗಾಡಿಸಿದರು. ರಿಯೊ ಒಲಿಂಪಿಕ್ಸ್ ಅರ್ಹತೆಗೆ ಬೇಕಿದ್ದದ್ದು 83 ಮೀಟರ್. 77 ಸೆಂಟಿಮೀಟರ್ ಸಾಲದೆ ಹೋಯಿತಲ್ಲ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಂಚು ಗೆದ್ದದ್ದು ಪಾಕಿಸ್ತಾನದ ಎತ್ತರದ ಹುಡುಗ ಅರ್ಷದ್ ನದೀಮ್, 78.33 ಮೀಟರ್. ಅದು ಆಗ ಅವರ ದೇಶದ ದಾಖಲೆ. ಮೇಷ್ಟ್ರು ಅವರಿಗೂ ಅಷ್ಟೇ ಜೋರಾಗಿ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಒಳ್ಳೆಯ ಎಸೆತಕ್ಕೆ ಅಷ್ಟು ಗೌರವ ಸಲ್ಲಲೇಬೇಕು.

ಮುಂದೆ ಟೋಕಿಯೊದ ಚಿನ್ನ ನೀರಜ್‌ಗೆ ಬಂತು. 2024ರಲ್ಲಿ ಪ್ಯಾರಿಸ್‌ನಲ್ಲಿ ಅರ್ಷದ್ 92.97 ಮೀಟರ್ ಎಸೆದು ಚಿನ್ನ ಗೆದ್ದರು, 89.45ರ ನೀರಜ್‌ಗೆ ಬೆಳ್ಳಿ. ಆ ರಾತ್ರಿ ಟಿ.ವಿ. ಮುಂದೆ ಕೂತಿದ್ದ ನಾನು ನೋಡುತ್ತಿದ್ದದ್ದು ಇಬ್ಬರ ಎಡಗಾಲನ್ನೇ.