ಆರನೆಯ ತ್ರಿಭುಜ

ಸಮಬಾಹು ತ್ರಿಭುಜಗಳನ್ನು ರಟ್ಟಿನಲ್ಲಿ ಕತ್ತರಿಸಿಕೊಂಡು ಒಂದೇ ಮೂಲೆಯ ಸುತ್ತ ಅಂಟಿಸುತ್ತ ಹೋಗುವುದು ನನಗೆ ಬಲು ಇಷ್ಟದ ಕೆಲಸ. ಮೂರು ಸೇರಿದರೆ ಚೂಪಾದ ಗೋಪುರ ಏಳುತ್ತದೆ. ನಾಲ್ಕಾದರೆ ಸ್ವಲ್ಪ ತಗ್ಗು, ಐದಾದರೆ ಇನ್ನೂ ತಗ್ಗು. ಆರನೆಯದನ್ನು ಸೇರಿಸಿದಿರೋ, 60 ಡಿಗ್ರಿಯ ಆರು ಕೋನಗಳು ಕೂಡಿ 360 ಆಗಿ, ಇಡೀ ರಟ್ಟು ಮೇಜಿನ ಮೇಲೆ ಮಟ್ಟಸವಾಗಿ ಮಲಗಿಬಿಡುತ್ತದೆ! ಚೌಕ, ಪಂಚಭುಜಗಳಾದರೆ ಮೂರಕ್ಕೇ ನಿಲ್ಲಬೇಕು. ಷಡ್ಭುಜಗಳು ಮೂರಕ್ಕೇ ಮಲಗುತ್ತವೆ. ಮುಖಗಳೂ ಮೂಲೆಗಳೂ ಎಲ್ಲೆಡೆ ಒಂದೇ ತೆರನಾಗಿರುವ ಸಮ ಘನಾಕೃತಿಗಳು ಐದೇ ಏಕೆ ಎಂಬುದು ಹೀಗೆ ಬೆರಳುಗಳಿಗೇ ತಿಳಿದುಬಿಡುವ ಸುಖ ದೊಡ್ಡದು.

ಈ ಸುಖವನ್ನೇ ವೃತ್ತಿಯಾಗಿಸಿಕೊಂಡವರು ಗಣಿತಜ್ಞ ಎಚ್.ಎಸ್.ಎಂ. ಕಾಕ್ಸೆಟರ್. 1907ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ, 1936ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯ ಸೇರಿದರು. 2003ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ನೆಲೆ.

ಆ ವೃತ್ತಿಜೀವನದ ಆರಂಭದಲ್ಲಿ ನನಗೆ ತುಂಬ ಪ್ರಿಯವಾದ ಒಂದು ಸ್ನೇಹವಿದೆ. ಆಲಿಸಿಯಾ ಬೂಲ್ ಸ್ಟಾಟ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ತರ್ಕದ ಬೀಜಗಣಿತ ಕಟ್ಟಿದ ಜಾರ್ಜ್ ಬೂಲ್ ಅವರ ಮಗಳು. ನಾಲ್ಕನೆಯ ಆಯಾಮದ ಆಕೃತಿಗಳನ್ನು ಮನಸ್ಸಿನಲ್ಲೇ ಕಂಡು, ಹಣ್ಣನ್ನು ಹೋಳು ಮಾಡಿದಂತೆ ಅವುಗಳನ್ನು ಸೀಳಿದರೆ ಸಿಗುವ ಘನಗಳನ್ನು ರಟ್ಟಿನಲ್ಲಿ ಮಾಡಿದ್ದರು. ಎಪ್ಪತ್ತರ ಆಸುಪಾಸಿನ ಆಕೆಯೂ ಇಪ್ಪತ್ತು ದಾಟಿದ ಕಾಕ್ಸೆಟರ್ ಅವರೂ ಕೂಡಿ ಕೆಲಸ ಮಾಡಿದರು. ಕಾಕ್ಸೆಟರ್ ಅವರಿಗೆ ತಮ್ಮ ಡಾಕ್ಟರೇಟಿಗಿಂತ ಈ ಗೆಳೆತನವೇ ದೊಡ್ಡ ಗಳಿಕೆ ಎಂದು ನನಗನ್ನಿಸುತ್ತದೆ. ನಾಲ್ಕು ಆಯಾಮಗಳಲ್ಲಿ ಸಮ ಆಕೃತಿಗಳು ಆರು, ಅಲ್ಲಿಂದಾಚೆ ಎಷ್ಟೇ ಆಯಾಮಕ್ಕೆ ಹೋದರೂ ಮೂರೇ ಮೂರು. ಈ ಲೋಕವನ್ನೆಲ್ಲ ಕಾಕ್ಸೆಟರ್ ‘ರೆಗ್ಯುಲರ್ ಪಾಲಿಟೋಪ್ಸ್’ ಎಂಬ ಗ್ರಂಥದಲ್ಲಿ ಹಿಡಿದಿಟ್ಟರು.

ಗಣಿತ ಚಿತ್ರಗಳನ್ನು ಬದಿಗಿಟ್ಟು ಚಿಹ್ನೆಗಳ ಕಡೆ ಹೊರಳುತ್ತಿದ್ದ ಕಾಲವದು. ಫ್ರಾನ್ಸಿನ ಬೂರ್ಬಾಕಿ ಎಂಬ ಗಣಿತಜ್ಞರ ಬಳಗದ ಪುಸ್ತಕಗಳಲ್ಲಿ ಚಿತ್ರ ಹುಡುಕಿದರೂ ಸಿಗುವುದು ಕಷ್ಟ. ಕಾಕ್ಸೆಟರ್ ಮಾತ್ರ ಕಣ್ಣಿಗೆ ಕಾಣುವ ಆಕಾರವನ್ನು ಕೈಬಿಡಲಿಲ್ಲ. ಅವರು ಕಳುಹಿಸಿದ ಲೇಖನವೊಂದರ ಚಿತ್ರ ನೋಡಿಯೇ ಡಚ್ ಕಲಾವಿದ ಎಷರ್ ‘ಸರ್ಕಲ್ ಲಿಮಿಟ್’ ಮಾಲಿಕೆ ರಚಿಸಿದರು. ಲೇಖನದ ಗಣಿತ ಎಷರ್‌ಗೆ ಅರ್ಥವಾಗಿರಲಿಲ್ಲ, ಚಿತ್ರವೇ ಸಾಕಾಯಿತು. ಆ ಮಾಲಿಕೆಯ ಮೂರನೆಯ ಕೃತಿಯನ್ನು ಕಾಕ್ಸೆಟರ್ ಮುಂದೆ ಲೆಕ್ಕ ಹಾಕಿ ಪರೀಕ್ಷಿಸಿದಾಗ, ಬರಿಗಣ್ಣಿನ ಅಂದಾಜಿನಲ್ಲಿ ಬಿಡಿಸಿದ ಕಮಾನುಗಳೂ ನಿಖರವಾಗಿದ್ದವು.

ಗಣಿತದ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಮಕ್ಕಳಿಗೆ ಸೂತ್ರ ಬರೆಸುವ ಮುನ್ನ ರಟ್ಟು, ಕತ್ತರಿ, ಗೋಂದು ಕೊಡಿ. ಇಪ್ಪತ್ತು ಸಮಬಾಹು ತ್ರಿಭುಜ ಕತ್ತರಿಸಿ, ಮೂಲೆಗೆ ಐದರಂತೆ ಅವರೇ ಅಂಟಿಸಲಿ.