ಅಮೇರಾತ್‌ನಿಂದ: ಪುಟ್ಟಿಗೆ ಇಂಜೆಕ್ಷನ್ ಬಂತಾ?

ಮೂರು ನೈಟ್ ಡ್ಯೂಟಿ ಮುಗೀತು. ಹೊರಗೆ ಬೆಟ್ಟದ ಕಲ್ಲೆಲ್ಲ ಕಾದು ಕೂತಿದೆ, ಎಸಿ ಬಿಟ್ಟು ಅಲ್ಲಾಡೋ ಹಾಗಿಲ್ಲ. ಅದಕ್ಕೇ ಬರೀತಿದ್ದೀನಿ.

ಮೊನ್ನೆ ಅಕ್ಕ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದಳು. "ಪುಟ್ಟಿ ಕಾಯಿಲೆಗೆ ಇಂಜೆಕ್ಷನ್ ಬಂದಿದೆಯಂತೆ ಕಣೇ, ಒಮಾನಲ್ಲಿ ಸಿಗುತ್ತಾ?" ಆಮೇಲೆ ಮೆತ್ತಗೆ, "ಮದುವೆ ಮನೇಲಿ ಅತ್ತುಬಿಟ್ಟಳು, ಒಂದು ಚಿರೋಟಿ ಕೊಟ್ಟೆ. ಹೆಂಗೂ ಇಂಜೆಕ್ಷನ್ ಬರುತ್ತಲ್ಲ" ಅಂದಳು.

ನಾನು ಬೈಯಲಿಲ್ಲ. ಬೈಯೋ ಮುಖ ನನಗಿಲ್ಲ. ಎರಡು ವರ್ಷ ಅವಳು ಮಗುಗೆ ರಕ್ತ ಕಡಿಮೆ, ಹೊಟ್ಟೆ ಉಬ್ಬರ, ಎತ್ತರ ಬೆಳೀತಿಲ್ಲ ಅಂದಾಗಲೆಲ್ಲ "ಐರನ್ ಸಿರಪ್ ಕೊಡು, ಹುಳದ ಮಾತ್ರೆ ಕೊಡು" ಅಂತ ಫೋನಲ್ಲೇ ಹೇಳಿದವಳು ನಾನು. ಸೀಲಿಯಾಕ್ ಅಂದ್ರೆ ಪಂಜಾಬಿನ ಕಡೆಯವರದು ಅನ್ನೋದು ನನ್ನ ತಲೇಲಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ಸಾವಿರಕ್ಕೆ ಸುಮಾರು 8 ಜನರಿಗೆ ಇತ್ತು, ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗೆ. ಆದರೆ ಕಾಯಿಲೆಗೆ ದಾರಿ ಮಾಡಿಕೊಡೋ ಜೀನ್ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ದೊಡ್ಡ ವ್ಯತ್ಯಾಸ ಗೋಧಿಯದು: ಅಲ್ಲಿ ದಿನಕ್ಕೆ 455 ಗ್ರಾಂ, ನಮ್ಮಲ್ಲಿ 25. ಈಗ ನಮ್ಮೂರಲ್ಲೂ ರಾತ್ರಿಯಾದರೆ ಚಪಾತಿ, ಬೆಳಿಗ್ಗೆ ಬ್ರೆಡ್ಡು, ಸಂಜೆ ನೂಡಲ್ಸು.

ಇನ್ನು ಇಂಜೆಕ್ಷನ್ ವಿಷಯ. ಆಂಟಿಬಾಡಿ ಅಂದ್ರೆ ನಮ್ಮ ದೇಹ ಶತ್ರುವನ್ನ ಹಿಡಿಯೋಕೆ ಮಾಡಿಕೊಳ್ಳೋ ಪ್ರೋಟೀನು. ಪುಟ್ಟಿ ದೇಹ ಗೋಧಿಯಲ್ಲಿರೋ ಗ್ಲುಟೆನ್ ಕಂಡು ಗಲಾಟೆ ಎಬ್ಬಿಸಿ, ತನ್ನದೇ ವಸ್ತುವಿನ ಮೇಲೆ ಆಂಟಿಬಾಡಿ ಮಾಡಿತು. ರಕ್ತಪರೀಕ್ಷೆಯಲ್ಲಿ ಸಿಕ್ಕಿದ್ದು ಅದು. ಫಾರ್ವರ್ಡಲ್ಲಿ ಬಂದಿರೋದು ಲ್ಯಾಬಲ್ಲಿ ಮಾಡಿದ ಆಂಟಿಬಾಡಿ. ಕರುಳಲ್ಲಿ ಆ ಗಲಾಟೆಗೆ ಕುಮ್ಮಕ್ಕು ಕೊಡೋ ಐಎಲ್-15 ಅನ್ನೋ ಸಂದೇಶವಾಹಕವನ್ನ ಹಿಡಿದು ಕಟ್ಟಿಹಾಕೋದು ಅದರ ಕೆಲಸ. ಎಎಂಜಿ 714 ಅಂತ ಅದರ ಹೆಸರು. ಫಿನ್‌ಲೆಂಡಲ್ಲಿ ಸೀಲಿಯಾಕ್ ಇರೋ ದೊಡ್ಡವರಿಗೆ ಬೇಕಂತಲೇ ದಿನಾ ಗ್ಲುಟೆನ್ ತಿನ್ನಿಸಿ, ಈ ಇಂಜೆಕ್ಷನ್ ಕೊಟ್ಟು ನೋಡಿದರು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಕೆಲವು ತೊಂದರೆ ಕಡಿಮೆ ಆದಂತೆ ಕಂಡಿತು. ಆದರೆ ಮುಖ್ಯವಾಗಿ ನೋಡಬೇಕಿದ್ದದ್ದು ಕರುಳಿನ ಎಳೆಗಳು ಸವೆಯೋದು ತಪ್ಪುತ್ತಾ ಅಂತ. ಅದು ತಪ್ಪಲಿಲ್ಲ.

ಅಕ್ಕಾ, ನೀನು ಗಮನಿಸಬೇಕಾದ್ದು ಇದೇ. ಹೊಟ್ಟೆ ನೋವು ಬರಲಿಲ್ಲ ಅಂದ್ರೆ ಒಳಗೆ ಎಲ್ಲ ಸರಿಯಿದೆ ಅಂತಲ್ಲ. ಬೇರೆ ಆಂಟಿಬಾಡಿಗಳ ಮೇಲೂ ಪ್ರಯೋಗ ನಡೀತಿದೆ, ಸೀಲಿಯಾಕ್‌ಗೆ ಅಂತ ಒಪ್ಪಿಗೆ ಸಿಕ್ಕಿದ್ದು ಒಂದೂ ಇಲ್ಲ. ಒಮಾನಲ್ಲೂ ಇಲ್ಲ, ಅಮೆರಿಕಾದಲ್ಲೂ ಇಲ್ಲ. ಬೇರೆ ಕರುಳಿನ ಕಾಯಿಲೆಯವರಿಗೆ ನಾನೇ ಇನ್‌ಫ್ಲಿಕ್ಸಿಮ್ಯಾಬ್ ಡ್ರಿಪ್ ಹಾಕ್ತೀನಿ. ಅದಕ್ಕೆ ಮೊದಲು ಟಿಬಿ ಇದೆಯಾ ಅಂತ ಪರೀಕ್ಷೆ, ಆಮೇಲೆ ಗಂಟೆಗಟ್ಟಲೆ ಪಕ್ಕದಲ್ಲಿ ನಿಂತು ಬಿಪಿ ನೋಡ್ತಿರಬೇಕು. ರೋಗನಿರೋಧಕ ಶಕ್ತಿಯನ್ನ ತಡೆಯೋ ಔಷಧ ಚಿರೋಟಿ ತಿನ್ನೋಕೆ ತಗೊಳ್ಳೋದಲ್ಲ.

ನಮ್ಮ ಅದೃಷ್ಟ, ಪುಟ್ಟಿ ಹುಟ್ಟಿದ್ದು ರಾಗಿ ಊರಲ್ಲಿ. ಮುದ್ದೆ, ಅಕ್ಕಿ ರೊಟ್ಟಿ, ಇಡ್ಲಿ ಎಲ್ಲ ಆಗುತ್ತೆ. (ಇಲ್ಲಿ ರಂಜಾನಲ್ಲಿ ಹರೀಸ್ ಅಂತ ಕೊಡ್ತಾರೆ, ಅದು ಬರೀ ಗೋಧಿ, ಇಲ್ಲಿನ ಮಕ್ಕಳಿಗೆ ಇನ್ನೂ ಕಷ್ಟ.) ರಾಗಿ ಮಾತ್ರ ಗೋಧಿ ಬೀಸಿದ ಮಿಲ್ಲಲ್ಲಿ ಬೀಸಿಸಬೇಡಿ. ಇನ್ನೊಂದು, ಡಬ್ಬಿ ಇಂಗು! ಎಷ್ಟೋ ಬ್ರಾಂಡಲ್ಲಿ ಗೋಧಿ ಹಿಟ್ಟು ಬೆರೆಸಿರ್ತಾರೆ. ಸಾರಿನ ಒಗ್ಗರಣೆಗೆ ದಿನಾ ಅದೇ ಬೀಳ್ತಿತ್ತು ಅಂತ ನನಗೂ ಹೊಳೆದಿದ್ದು ತಡವಾಗಿ. ಡಬ್ಬಿ ಹಿಂದೆ ಓದಿ ತಗೊಳ್ಳಿ.

ಗೌರಿ ಹಬ್ಬಕ್ಕೆ ಎಲ್ಲರೂ ಸೇರ್ತೀರಲ್ಲ, ಅತ್ತೆ, ದೊಡ್ಡಮ್ಮ, ನಿಮ್ಮಲ್ಲಿ ಒಂದೇ ಕೋರಿಕೆ: ಪುಟ್ಟಿಗೆ ಅಕ್ಕಿ ಹಿಟ್ಟಿನ ಕಾಯಿ ಕಡುಬು ಮೊದಲು ಬೇಯಿಸಿ ಎತ್ತಿಟ್ಟು, ಆಮೇಲೆ ಒಬ್ಬಟ್ಟಿನ ಮೈದಾ ಡಬ್ಬಿ ತೆಗೀರಿ. "ಒಂದು ತಿಂದ್ರೆ ಏನಾಗಲ್ಲ ಬಾ" ಅಂತ ಯಾರೂ ಕರೀಬೇಡಿ. ನಿನ್ನೆ ಅವಳೇ ವಾಯ್ಸ್ ಮೆಸೇಜ್ ಹಾಕಿದ್ದಳು: "ಚಿಕ್ಕಿ, ನಾನು ಹೋದ ಸಲಕ್ಕಿಂತ ಮೂರು ಸೆಂಟಿಮೀಟರ್ ಉದ್ದ ಆಗಿದೀನಿ, ಗೋಡೆ ಮೇಲೆ ಗೆರೆ ಹಾಕಿದೀವಿ."